ಇಂಗ್ಲೆಂಡಿನ ಹಿತ್ತಲಲ್ಲಿ ಬಾಳೆಯನ್ನು ಚಳಿಗಾಲ ದಾಟಿಸುವ ಬಗೆ

ತಮ್ಮಾ, ವಿರಾಜಪೇಟೆಯಿಂದ ಏಲಕ್ಕಿ ಬಾಳೆಯ ಕಂದು ತಂದು ಇಲ್ಲಿ ದಕ್ಷಿಣ ಇಂಗ್ಲೆಂಡಿನ ಹಿತ್ತಲಲ್ಲಿ ನೆಟ್ಟರೆ ಚಳಿಗಾಲಕ್ಕೆ ಉಳಿದೀತೇ ಎಂದು ಕೇಳಿದ್ದೀರಿ. ಉಳಿಯುವುದಿಲ್ಲ. ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ಕಂದು ತರುವುದಕ್ಕೆ ಇಲ್ಲಿಯ ಕಾನೂನಿನ ಒಪ್ಪಿಗೆಯೂ ಇಲ್ಲ, ದಯವಿಟ್ಟು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬರಬೇಡಿ. ಮಡಿಕೇರಿಯ ಜನವರಿಯಲ್ಲಿ ನಾವು ಕಂಬಳಿ ಹೊದೆಯುತ್ತಿದ್ದೆವು ನಿಜ, ಆದರೆ ಅಲ್ಲಿ ಬಾಳೆ ಹೆಪ್ಪುಗಟ್ಟುತ್ತಿರಲಿಲ್ಲ.

ಇಲ್ಲಿ ಹೊರಗೆ ನೆಡಬಹುದಾದದ್ದು ಮೂಸಾ ಬಸ್ಜೂ ಎಂಬ ಜಾತಿ. ಚೀನಾ ಮೂಲದ ಈ ಗಿಡ ಜಪಾನಿನ ಬಾಳೆಯೆಂದೇ ಹೆಸರಾಗಿದೆ, ನರ್ಸರಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಬುಡಕ್ಕೆ ದಪ್ಪ ಹೊದಿಕೆಯಿದ್ದರೆ ಇದರ ಗೆಡ್ಡೆ ಮೈನಸ್ 10 ಡಿಗ್ರಿಯ ಚಳಿಯನ್ನೂ ತಾಳಿಕೊಳ್ಳುತ್ತದೆ. ತಿನ್ನುವ ಹಣ್ಣನ್ನು ಮಾತ್ರ ಇದರಿಂದ ನಿರೀಕ್ಷಿಸಬೇಡಿ. ನಾನು ಬೆಳೆಸುವುದು ಎಲೆಗಾಗಿ. ಸೆಪ್ಟೆಂಬರಿನಲ್ಲಿ ಬರುವ ನಮ್ಮ ಕೊಡವ ಹಬ್ಬ ಕೈಲ್‌ಪೊಳ್ದ್ ಹೊತ್ತಿಗೆ ಎಲೆಗಳು ಹುಲುಸಾಗಿರುತ್ತವೆ, ಊಟಕ್ಕೂ ಸಾಲುತ್ತವೆ, ಕೂವಲೆ ಪುಟ್ಟು ಎಂಬ ಕೊಡಗಿನ ಸಿಹಿ ತಿಂಡಿಯನ್ನು ಕಟ್ಟಿ ಬೇಯಿಸುವುದಕ್ಕೂ ಸಾಲುತ್ತವೆ.

ಮೊದಲ ವರ್ಷ ನಾನು ಅವಸರಪಟ್ಟು ಅಕ್ಟೋಬರಿನಲ್ಲೇ ದಿಂಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿಬಿಟ್ಟೆ. ಮಾರ್ಚ್‌ನಲ್ಲಿ ಬಿಚ್ಚಿ ನೋಡಿದಾಗ ಒಳಗೆಲ್ಲ ಬೆವರಿನಂತೆ ನೀರು ಕಟ್ಟಿತ್ತು. ಬೆರಳಿನಿಂದ ಒತ್ತಿದರೆ ದಿಂಡಿನ ಪದರಗಳು ಕೊಳೆತ ಹಲಸಿನ ತೊಳೆಯಂತೆ ಜಾರಿ ಬರುತ್ತಿದ್ದವು. ಬಾಳೆಯ ದಿಂಡೆಂದರೆ ಒಂದರೊಳಗೊಂದು ಸುತ್ತಿಕೊಂಡ ನೀರು ತುಂಬಿದ ಎಲೆಬುಡಗಳೇ ಅಲ್ಲವೇ? ಆ ನೀರು ಹೆಪ್ಪುಗಟ್ಟಿದರೆ ಜೀವಕೋಶಗಳು ಒಡೆಯುತ್ತವೆ, ಮೇಲಿನಿಂದ ಮಳೆಯೂ ಇಳಿದರೆ ಕೊಳೆಯುವುದು ಸುಳಿಯವರೆಗೂ ಹೋಗುತ್ತದೆ. ಆದ್ದರಿಂದ ಚಳಿಗಿಂತ ಹೆಚ್ಚಾಗಿ ಚಳಿಯೊಂದಿಗೆ ಸೇರುವ ತೇವಕ್ಕೆ ಹೆದರಬೇಕು.

ಈಗ ಮೊದಲ ಸಲ ಇಬ್ಬನಿ ಹೆಪ್ಪುಗಟ್ಟಿ ಎಲೆ ಕಪ್ಪಾಗುವವರೆಗೆ ಕಾಯುತ್ತೇನೆ. ಊರಿನಲ್ಲಿ ಸುಗ್ಗಿಯ ಹಬ್ಬ ಹುತ್ತರಿಗೆ ಕದಿರು ತೆಗೆಯುವ ದಿನಗಳಲ್ಲಿ ಇಲ್ಲಿ ನನ್ನದು ಬಾಳೆಗೆ ಹುಲ್ಲು ಕಟ್ಟುವ ಕೆಲಸ. ಎಲೆಗಳನ್ನು ಕತ್ತರಿಸಿ ದಿಂಡನ್ನು ಮಾತ್ರ ಉಳಿಸಿಕೊಂಡು, ಅದರ ಸುತ್ತ ಒಂದು ಗೇಣು ಜಾಗ ಬಿಟ್ಟು ನಾಲ್ಕು ಗೂಟ ನೆಟ್ಟು, ಕೋಳಿಗೂಡಿಗೆ ಬಳಸುವ ತಂತಿಬಲೆಯನ್ನು ಸುತ್ತಿ, ಒಳಗೆ ಚೆನ್ನಾಗಿ ಒಣಗಿದ ಗೋಧಿ ಹುಲ್ಲನ್ನು ತುಂಬುತ್ತೇನೆ. ಹುಲ್ಲನ್ನು ತುಳಿದು ಗಟ್ಟಿ ಮಾಡಬಾರದು, ಅದರೊಳಗೆ ನಿಂತ ಗಾಳಿಯೇ ಗಿಡದ ಕಂಬಳಿ. ನೆತ್ತಿಯ ಮೇಲೆ ಮಾತ್ರ ಮಳೆನೀರು ಜಾರಿಹೋಗುವಂತೆ ಓರೆಯಾಗಿ ಒಂದು ತಗಡನ್ನಿಟ್ಟು, ಪಕ್ಕಗಳನ್ನು ಗಾಳಿಯಾಡಲು ಬಿಡುತ್ತೇನೆ. ಬುಡಕ್ಕೆ ತರಗೆಲೆಯ ದಪ್ಪ ಹಾಸು ಬೇಕು. ಕಾಫಿ ತೋಟದಲ್ಲಿ ಬೆಳೆದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

2022ರ ಡಿಸೆಂಬರಿನಲ್ಲಿ ವಾರಕ್ಕೂ ಹೆಚ್ಚು ಕಾಲ ಕಡುಚಳಿ ಹಿಡಿದಾಗ ಹುಲ್ಲು ಕಟ್ಟಿದ್ದ ಎರಡು ದಿಂಡುಗಳು ಎದೆಮಟ್ಟದವರೆಗೂ ಉಳಿದವು. ಕಟ್ಟದೆ ಬಿಟ್ಟಿದ್ದ ಮೂರನೆಯದು ನೆಲಸಮವಾಗಿ, ಜೂನ್‌ನಲ್ಲಿ ಗೆಡ್ಡೆಯಿಂದ ಹೊಸ ಕಂದು ಒಡೆಯಿತು. ಗಿಡ ಸಾಯಲಿಲ್ಲ, ಆದರೆ ಮತ್ತೆ ನೆಲದಿಂದಲೇ ಏಳಬೇಕಾಯಿತು.

ಹುಲ್ಲನ್ನು ಏಪ್ರಿಲ್ ಕೊನೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ತೆಗೆಯಿರಿ, ಮೇ ತಿಂಗಳಲ್ಲೂ ಒಮ್ಮೊಮ್ಮೆ ರಾತ್ರಿ ಇಬ್ಬನಿ ಹೆಪ್ಪುಗಟ್ಟುವುದರಿಂದ ಒಂದು ಹಳೆಯ ಬೆಡ್‌ಶೀಟನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿರಿ. ಮೊದಲು ಹೊರಬರುವ ಎಲೆಯ ತುದಿ ಸುಟ್ಟಂತೆ ಕಂದಾಗಿದ್ದರೆ ಗಾಬರಿಯಾಗಬೇಡಿ, ಅದು ಚಳಿಗಾಲದಲ್ಲಿ ಒಳಗೇ ಸುತ್ತಿಕೊಂಡಿದ್ದ ಎಲೆ. ಅದರ ಹಿಂದಿನ ಸುಳಿ ಎಳೆಹಸಿರಾಗಿಯೇ ಬರುತ್ತದೆ.