ಟೊಳ್ಳು ನ್ಯಾನೊ ಕಣಕ್ಕೆ ಕ್ಯಾನ್ಸರ್ ಗಡ್ಡೆಯ ದಾರಿ ಗೊತ್ತಿರುತ್ತಾ?

ಟೊಳ್ಳು ನ್ಯಾನೊ ಕಣದೊಳಗೆ ಔಷಧಿ ತುಂಬಿ ರಕ್ತಕ್ಕೆ ಬಿಟ್ಟರೆ ಅದು ನೇರ ಕ್ಯಾನ್ಸರ್ ಗಡ್ಡೆಗೇ ಹೋಗುತ್ತದೆ ಅಂತ ಪೇಪರಿನಲ್ಲಿ ಓದಿದ್ದೀರಿ. ಅದಕ್ಕೆ ದಾರಿ ಹೇಗೆ ಗೊತ್ತಾಗುತ್ತದೆ, ಕೀಮೋ ಶುರುವಾಗಲಿರುವ ನಿಮ್ಮ ಚಿಕ್ಕಮ್ಮನಿಗೆ ಅದು ಸಿಗುತ್ತದಾ ಅನ್ನುವುದು ನಿಮ್ಮ ಪ್ರಶ್ನೆ. ನಾನು ಔಷಧಿ ತಯಾರಿಕೆಯ ಲ್ಯಾಬಿನಲ್ಲಿ ಇಂಥ ಕಣಗಳ ಜೊತೆಗೇ ಕೆಲಸ ಮಾಡುವವನು, ಡಾಕ್ಟರ್ ಅಲ್ಲ. ಅದನ್ನು ನೆನಪಿಟ್ಟುಕೊಂಡು ಓದಿ.

ಕಣಕ್ಕೆ ಯಾವ ದಾರಿಯೂ ಗೊತ್ತಿರುವುದಿಲ್ಲ. ರಕ್ತ ಹರಿದ ಕಡೆಗೆಲ್ಲ ಅದೂ ಹೋಗುತ್ತದೆ. ವ್ಯತ್ಯಾಸ ಇರುವುದು ರಕ್ತನಾಳದ ಗೋಡೆಯಲ್ಲಿ. ಗಡ್ಡೆ ತನಗಾಗಿ ಗಡಿಬಿಡಿಯಲ್ಲಿ ಬೆಳೆಸಿಕೊಂಡ ನಾಳಗಳಲ್ಲಿ ಸಂದುಗಳು ಜಾಸ್ತಿ. ಸುಮಾರು 100 ನ್ಯಾನೊಮೀಟರ್ ಗಾತ್ರದ ಕಣ ಅಲ್ಲಿ ನುಸುಳಿ ಉಳಿದುಬಿಡಬಹುದು. ದೊಡ್ಡ ಅಣುಗಳು ಹೀಗೆ ಗಡ್ಡೆಯಲ್ಲಿ ಸೇರಿಕೊಳ್ಳುವುದನ್ನು ಜಪಾನಿನ ಮಾತ್ಸುಮುರಾ ಮತ್ತು ಮಾಯೆದಾ 1986ರಲ್ಲೇ ತೋರಿಸಿದ್ದರು. ಆದರೆ ಎಷ್ಟು ಸೇರುತ್ತದೆ? 2016ರಲ್ಲಿ ಟೊರೊಂಟೊದ ವಾರೆನ್ ಚಾನ್ ಅವರ ತಂಡ ಹತ್ತು ವರ್ಷಗಳ ಪ್ರಾಣಿಪ್ರಯೋಗಗಳ ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿತು. ಚುಚ್ಚಿದ ಕಣಗಳಲ್ಲಿ ಗಡ್ಡೆಗೆ ತಲುಪಿದ್ದು ಶೇಕಡಾ 0.7ರ ಆಸುಪಾಸು. ಉಳಿದದ್ದರಲ್ಲಿ ದೊಡ್ಡ ಪಾಲನ್ನು ಲಿವರ್ ಮತ್ತು ಗುಲ್ಮ ಹಿಡಿದುಹಾಕುತ್ತವೆ. ಪೇಪರಿನವರು ಈ ಸಂಖ್ಯೆಯನ್ನು ಯಾಕೋ ಬರೆಯುವುದೇ ಇಲ್ಲ.

ಹಾಗಾದರೆ ಇದೆಲ್ಲ ಸುಮ್ನೆನಾ? ಅಲ್ಲ. ನನ್ನ ಪ್ರಕಾರ ಟೊಳ್ಳು ಕಣದ ನಿಜವಾದ ಉಪಯೋಗ ಔಷಧಿಯನ್ನು ಗಡ್ಡೆಗೆ ಒಯ್ಯುವುದಕ್ಕಿಂತ, ಹೋಗಬಾರದ ಕಡೆ ಅದನ್ನು ಬಿಡದೇ ಇರುವುದು. ಡಾಕ್ಸೊರುಬಿಸಿನ್ ತಗೊಳ್ಳಿ. ಕೀಮೋ ವಾರ್ಡಿನಲ್ಲಿ ಕಾಣುವ ಆ ಕೆಂಪು ಔಷಧಿ. ಒಳ್ಳೆಯ ಔಷಧಿಯೇ, ಆದರೆ ಹೃದಯದ ಸ್ನಾಯುವನ್ನು ಹಾಳು ಮಾಡುತ್ತದೆ. ಹಾಗಾಗಿ ಒಬ್ಬರಿಗೆ ಜೀವಮಾನದಲ್ಲಿ ಇಷ್ಟೇ ಕೊಡಬಹುದು ಅಂತ ಮಿತಿ ಇದೆ. ಹೃದಯದ ರಕ್ತನಾಳಗಳಲ್ಲಿ ಅಂಥ ಸಂದುಗಳಿಲ್ಲ. 100 ನ್ಯಾನೊಮೀಟರಿನ ಕಣ ಅಲ್ಲಿ ಹೊರಗೆ ಬರಲಾರದು.

ಆದರೆ ಔಷಧಿ ದಾರಿಯಲ್ಲೇ ಸೋರಿದರೆ ಏನೂ ಲಾಭವಿಲ್ಲ, ಅಲ್ವಾ? ಇದಕ್ಕೆ ಜೆರುಸಲೇಮಿನ ಬಾರೆನ್‌ಹೋಲ್ಝ್ ಮತ್ತು ಗಾಬಿಝೋನ್ ಮಾಡಿದ ಉಪಾಯ ನನಗೆ ಈಗಲೂ ಖುಷಿ ಕೊಡುತ್ತದೆ. ಅವರ ಕಣ ಲೈಪೋಸೋಮ್, ಅಂದರೆ ಎರಡು ಪದರದ ಕೊಬ್ಬಿನ ಗೋಡೆ, ಒಳಗೆ ನೀರು. ಆ ನೀರಿನಲ್ಲಿ ಮೊದಲೇ ಅಮೋನಿಯಂ ಸಲ್ಫೇಟ್ ಇಡುತ್ತಾರೆ. ಹೊರಗಿನ ಸಲ್ಫೇಟನ್ನು ತೆಗೆದುಬಿಡುತ್ತಾರೆ. ಆಮೇಲೆ ಹೊರಗಡೆ ಡಾಕ್ಸೊರುಬಿಸಿನ್ ಹಾಕಿ ಬಿಸಿ ಮಾಡುತ್ತಾರೆ. ಒಳಗಿನ ಅಮೋನಿಯಾ ಗೋಡೆ ದಾಟಿ ಹೊರಗೆ ಬರುತ್ತದೆ, ಹಿಂದೆ ಆಮ್ಲ ಉಳಿಯುತ್ತದೆ. ಔಷಧಿ ಗೋಡೆ ದಾಟಿ ಒಳಗೆ ಹೋದ ಕೂಡಲೇ ಆ ಆಮ್ಲದಲ್ಲಿ ಅದಕ್ಕೆ ವಿದ್ಯುದಂಶ ಸೇರುತ್ತದೆ, ಇನ್ನು ಹಿಂದೆ ಬರಲು ಆಗುವುದಿಲ್ಲ. ಸಲ್ಫೇಟಿನ ಜೊತೆ ಸೇರಿ ಹರಳುಗಟ್ಟುತ್ತದೆ. ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದೊಂದು ಕಣವೂ ಕಾಫಿ ಬೀಜದ ಹಾಗೆ ಕಾಣುತ್ತದೆ, ನಡುವೆ ಕಪ್ಪು ಗೀರು. ಆ ಗೀರೇ ಔಷಧಿಯ ಹರಳು. ಒಂದು ಕಣದಲ್ಲಿ 10,000ಕ್ಕೂ ಹೆಚ್ಚು ಅಣುಗಳು ಹಿಡಿಯುತ್ತವೆ. ಗೋಡೆಯ ಹೊರಗೆ ಪಾಲಿಇಥಿಲೀನ್ ಗ್ಲೈಕಾಲ್ ಸವರಿರುತ್ತಾರೆ, ಲಿವರ್ ಬೇಗ ಹಿಡಿಯದಿರಲಿ ಅಂತ. ಇದೇ ಡಾಕ್ಸಿಲ್. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅಂದರೆ ನೀವು ಓದಿದ 'ಹೊಸ' ಸುದ್ದಿಗೆ ಮೂವತ್ತು ವರ್ಷ.

ಹರಡಿದ ಸ್ತನ ಕ್ಯಾನ್ಸರಿನವರಲ್ಲಿ ಇದನ್ನು ಮಾಮೂಲಿ ಡಾಕ್ಸೊರುಬಿಸಿನ್ ಜೊತೆ ಹೋಲಿಸಿದ ಅಧ್ಯಯನ 2004ರಲ್ಲಿ ಬಂತು. ರೋಗ ತಡೆಯುವುದರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಹೃದಯದ ತೊಂದರೆ ಮಾತ್ರ ಲೈಪೋಸೋಮಿನಲ್ಲಿ ತುಂಬಾ ಕಡಿಮೆ.

2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ನಮ್ಮ ರಾಜ್ಯದಲ್ಲೂ ಜನ ಲೈಪೋಸೋಮಲ್ ಆಂಫೊಟೆರಿಸಿನ್‌ಗಾಗಿ ಊರೂರು ಅಲೆದದ್ದು ನೆನಪಿದೆಯಾ? ಅದೂ ಇದೇ ಜಾತಿ. ಅಲ್ಲಿ ಔಷಧಿ ಕೂರುವುದು ಕೊಬ್ಬಿನ ಗೋಡೆಯಲ್ಲಿ, ಹಾನಿಯಿಂದ ಪಾರಾಗುವುದು ಕಿಡ್ನಿ.

ಸಿಲಿಕಾ ಟೊಳ್ಳು ಗೋಲಿ, ಚಿನ್ನದ ಟೊಳ್ಳು ಗೋಲಿಗಳ ಬಗ್ಗೆಯೂ ನೀವು ಓದಿರಬಹುದು. ಒಂದು ಗಟ್ಟಿ ತಿರುಳಿನ ಮೇಲೆ ಸಿಲಿಕಾ ಪದರ ಕಟ್ಟಿ, ಆಮೇಲೆ ತಿರುಳನ್ನು ಕರಗಿಸಿ ತೆಗೆಯುವುದು. ಗೋಡೆಯಲ್ಲಿ ಸಣ್ಣ ರಂಧ್ರಗಳು, ಆಮ್ಲ ಅಥವಾ ಬೆಳಕು ತಾಗಿದರೆ ಅವು ತೆರೆದುಕೊಳ್ಳುವಂತೆ ಬಾಗಿಲು. ಕೆಲಸವಾಗಿ ಚಂದ, ಆದರೆ ಆಸ್ಪತ್ರೆಯಲ್ಲಿ ಕೊಡುವ ಕೀಮೋ ಔಷಧಿಯಾಗಿ ಬಂದಿಲ್ಲ. ಗಡ್ಡೆಯ ಗುರುತು ಹಿಡಿಯಲಿ ಅಂತ ಲೈಪೋಸೋಮಿಗೆ ಆಂಟಿಬಾಡಿ ಅಂಟಿಸಿದ ಎಂಎಂ-302 ಎಂಬ ಔಷಧಿಯ ಪರೀಕ್ಷೆಯನ್ನೂ, ಲಾಭ ಕಾಣದೆ, 2016ರಲ್ಲಿ ನಿಲ್ಲಿಸಿದರು.

ಈಗ ಚಿಕ್ಕಮ್ಮನ ವಿಷಯ. ಡಾಕ್ಸೊರುಬಿಸಿನ್ ಲೈಪೋಸೋಮ್ ಭಾರತದಲ್ಲೇ ತಯಾರಾಗುತ್ತದೆ. 2012ರಲ್ಲಿ ಅಮೆರಿಕದಲ್ಲಿ ಡಾಕ್ಸಿಲ್ ಸಿಗದಾದಾಗ ಅವರೇ ನಮ್ಮ ಸನ್ ಫಾರ್ಮಾದ ಲೈಪೋಡಾಕ್ಸ್ ತರಿಸಿಕೊಂಡರು. ಆದರೆ ಎಲ್ಲ ಕ್ಯಾನ್ಸರಿಗೂ ಇದನ್ನು ಕೊಡುವುದಿಲ್ಲ. ಅಂಡಾಶಯದ ಕ್ಯಾನ್ಸರ್, ಹರಡಿದ ಸ್ತನ ಕ್ಯಾನ್ಸರ್ ಇಂಥವಕ್ಕೆ ಕೊಡುತ್ತಾರೆ. ಬೆಲೆಯೂ ಮಾಮೂಲಿಗಿಂತ ಜಾಸ್ತಿ. ಡಾಕ್ಟರ್ ಹತ್ತಿರ 'ನ್ಯಾನೊ ಔಷಧಿ ಇದೆಯಾ' ಅಂತ ಕೇಳಬೇಡಿ. 'ಇವರಿಗೆ ಡಾಕ್ಸೊರುಬಿಸಿನ್ ಕೊಡುತ್ತೀರಾ, ಎಕೋ (ಹೃದಯದ ಸ್ಕ್ಯಾನ್) ವರದಿ ಹೇಗಿದೆ, ಲೈಪೋಸೋಮ್ ರೂಪ ಇವರಿಗೆ ಹೊಂದುತ್ತದಾ' ಅಂತ ಕೇಳಿ. ಹೊಂದುತ್ತದೆ ಅಂದರೆ ಒಂದು ಸಂಗತಿ ತಿಳಿದಿರಲಿ. ಬಹಳ ಹೊತ್ತು ರಕ್ತದಲ್ಲಿ ಸುತ್ತುವ ಈ ಕಣಗಳು ಅಂಗೈ, ಅಂಗಾಲಿನ ಚರ್ಮಕ್ಕೂ ಇಳಿಯುತ್ತವೆ. ಕೆಂಪಾಗಿ ಉರಿ ಬಂದು ಸಿಪ್ಪೆ ಏಳಬಹುದು. ಡ್ರಿಪ್ ಆದ ಮೇಲೆ ಕೆಲವು ದಿನ ತೀರಾ ಬಿಸಿನೀರು, ಬಿಗಿ ಚಪ್ಪಲಿ ಬೇಡ. ಉರಿ ಶುರುವಾದರೆ ಮುಂದಿನ ಡೋಸ್‌ವರೆಗೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ.