ಹಾಡು ಮುಗಿಯುವ ಮೊದಲೇ ಚಪ್ಪಾಳೆ ಯಾಕೆ?

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಜಾಝ್ ಬಿಗ್ ಬ್ಯಾಂಡ್ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದ. ನುಡಿಸಿದವರಲ್ಲಿ ಜಾಸ್ತಿ ಜನ ಎಪ್ಪತ್ತರ ಆಸುಪಾಸಿನವರು. ತುಂಬಾ ಖುಷಿಯಾಯ್ತು, ಆದರೆ ಏನು ಕೇಳಿದೆ ಅಂತ ಹೇಳೋಕೆ ಬರುತ್ತಿಲ್ಲ. ಹಾಡಿನ ಮಧ್ಯೆಯೇ ಜನ ಚಪ್ಪಾಳೆ ತಟ್ಟುತ್ತಿದ್ದರು, ಯಾಕೆ? ಇನ್ನೊಮ್ಮೆ ಹೋದರೆ ಏನು ಗಮನಿಸಲಿ?
- ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ನಮ್ಮೂರ ಮದುವೆ ಮೆರವಣಿಗೆಗಳಲ್ಲಿ ಬ್ಯಾಂಡ್‌ಸೆಟ್ ಕೇಳಿ ಬೆಳೆದವರಿಗೆ ಟ್ರಂಪೆಟ್ ಹೊಸದಲ್ಲ. ಸ್ಯಾಕ್ಸೊಫೋನ್ ಅಂತೂ ಕದ್ರಿ ಗೋಪಾಲನಾಥ್ ಅವರಿಂದ ಮನೆಮನೆಗೂ ಗೊತ್ತು. ಬಿಗ್ ಬ್ಯಾಂಡಿನಲ್ಲಿ ಬೇರೆ ಇರೋದು ಈ ವಾದ್ಯಗಳು ಗುಂಪು ಕಟ್ಟಿಕೊಂಡು ಮಾತಾಡುವ ರೀತಿ. ಸಾಮಾನ್ಯವಾಗಿ 17 ಜನ ಇರುತ್ತಾರೆ: ಮುಂದೆ 5 ಸ್ಯಾಕ್ಸೊಫೋನ್, ಹಿಂದೆ 4 ಟ್ರಾಂಬೋನ್ (ಉದ್ದ ಕೊಳವೆ ಹಿಂದೆ ಮುಂದೆ ಜಾರಿಸಿ ಊದುವ ವಾದ್ಯ), ಅದರ ಹಿಂದೆ 4 ಟ್ರಂಪೆಟ್, ಪಕ್ಕದಲ್ಲಿ ಪಿಯಾನೊ, ಗಿಟಾರ್, ಬಾಸ್ (ತಗ್ಗಿನ ಸ್ವರದ ತಂತಿವಾದ್ಯ), ಡ್ರಮ್ಸ್. ಒಂದು ಸಾಲು ಏನೋ ಕೇಳಿದ ಹಾಗೆ ನುಡಿಸುತ್ತೆ, ಇನ್ನೊಂದು ಸಾಲು ಥಟ್ಟನೆ ಉತ್ತರ ಕೊಡುತ್ತೆ. ಭಜನೆಯಲ್ಲಿ ಒಬ್ಬರು ಹೇಳಿದ್ದನ್ನು ಉಳಿದವರು ತಿರುಗಿ ಹೇಳುತ್ತಾರೆ ಅಲ್ವಾ, ಇಲ್ಲಿ ತಿರುಗಿ ಹೇಳೋದಕ್ಕಿಂತ ಎದುರುತ್ತರವೇ ಜಾಸ್ತಿ.

ಈ ಸಾಲುಗಳು ನುಡಿಸೋದು ಹೆಚ್ಚಾಗಿ ಬರೆದಿಟ್ಟ ಸಂಗೀತ. ನಡುವೆ ಒಬ್ಬರು ಎದ್ದು ನಿಲ್ಲುತ್ತಾರೆ ನೋಡಿ, ಅವರು ನುಡಿಸೋದು ಮಾತ್ರ ಅಲ್ಲೇ, ಆ ಗಳಿಗೆಯಲ್ಲೇ ಹುಟ್ಟಿದ್ದು. ಅವರು ಕೂರುವಾಗ ಬೀಳುವ ಚಪ್ಪಾಳೆ, ಸಂಗೀತ ಕಛೇರಿಯಲ್ಲಿ ಮೃದಂಗದವರ ತನಿ ಆವರ್ತನ ಮುಗಿದಾಗ ತಟ್ಟುತ್ತೇವಲ್ಲ, ಅದೇ.

ಹಿರಿಯರು ಎದ್ದಾಗ ಇನ್ನೂ ಕಿವಿಗೊಟ್ಟು ಕೇಳಿ. ನಾನು ಒಮ್ಮೆ ಕೇಳಿದ ಟ್ರಾಂಬೋನಿನ ಅಜ್ಜ ಒಬ್ಬರು ಮೂರೇ ಸ್ವರ ಹಿಡಿದುಕೊಂಡು ಅದನ್ನೇ ಹಿಂದೆ ಮುಂದೆ ಮಾಡಿ, ಎಳೆದು, ಒಂದು ಕಡೆ ಸುಮ್ನೆ ನಿಂತುಬಿಟ್ಟರು. ಪಕ್ಕದ ಹುಡುಗ ತನ್ನ ವಾದ್ಯ ಮಡಿಲಲ್ಲಿಟ್ಟುಕೊಂಡು ಅವರನ್ನೇ ನೋಡುತ್ತಿದ್ದ. ಉಸಿರು ಕಡಿಮೆಯಾದಾಗ ಯಾವ ಸ್ವರ ಬಿಡಬೇಕು ಅನ್ನೋದು ಇವರಿಗೆ ಗೊತ್ತಿರುತ್ತೆ. ಅಮೆರಿಕದ ಬಿಗ್ ಬ್ಯಾಂಡ್ ನಾಯಕ ಕೌಂಟ್ ಬೇಸಿ ಅವರ ಹೆಸರು ನಿಂತಿರೋದೂ ಪಿಯಾನೊದಲ್ಲಿ ಕಡಿಮೆ ಸ್ವರ ನುಡಿಸಿ ಇಡೀ ಬ್ಯಾಂಡ್ ನಡೆಸಿದ್ದಕ್ಕೆ. ಅವರು ತೀರಿಕೊಂಡಿದ್ದು 1984ರಲ್ಲಿ, ಅವರ ಬ್ಯಾಂಡ್ ಆಮೇಲೂ ನಿಲ್ಲಲಿಲ್ಲ.

ಮುಂದಿನ ಸಲ ತೀರಾ ಮುಂದಿನ ಸಾಲು ಬೇಡ, ಸಭಾಂಗಣದ ಮಧ್ಯೆ ಕೂತುಕೊಳ್ಳಿ. 13 ಜನ ಒಟ್ಟಿಗೆ ಊದಿದ್ದು ಎದೆಗೆ ಬಂದು ಬಡಿಯುತ್ತೆ, ಮೊಬೈಲಿನಲ್ಲಿ ಇದು ಸಿಗೋದಿಲ್ಲ. ಒಂದು ಇಡೀ ಹಾಡು ಬಾಸ್ ಒಂದನ್ನೇ ಹಿಂಬಾಲಿಸಿ, ಅದು ಒಂದೊಂದೇ ಹೆಜ್ಜೆ ಇಡುತ್ತಾ ಎಲ್ಲರನ್ನೂ ಕರೆದೊಯ್ಯೋದು ಗೊತ್ತಾಗುತ್ತೆ. ತಾಳ ಹಾಕುವ ಆಸೆಯಾದರೆ ನಾಲ್ಕರ ಎಣಿಕೆಯಲ್ಲಿ ಎರಡಕ್ಕೆ, ನಾಲ್ಕಕ್ಕೆ ತಟ್ಟಿ. ನಮಗೆ ಒಂದಕ್ಕೆ ತಟ್ಟಿ ರೂಢಿ, ಮೊದಲೆರಡು ಹಾಡಿನಲ್ಲಿ ಕೈ ತಪ್ಪುತ್ತೆ. ತಪ್ಪಲಿ, ತಟ್ಟುತ್ತಾ ಇರಿ.