ಅಡಿಕೆ ಸೊಸೈಟಿಗೆ ಜಿಐಎಸ್ ಹಾಕಿಸಿ ಎರಡು ವರ್ಷವಾಯಿತು, ಉಪಯೋಗ ಕಾಣುತ್ತಿಲ್ಲ. ಏನು ಮಾಡಬೇಕು?

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರ ಸಹಕಾರ ಸಂಘ ನಿಮ್ಮದು. ಸಾವಿರಕ್ಕೂ ಜಾಸ್ತಿ ಸದಸ್ಯರಿದ್ದಾರೆ. ಮೈಲುತುತ್ತ, ಸುಣ್ಣ, ಗೊಬ್ಬರ ಕೊಡುತ್ತೀರಿ. ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರರ ತಂಡವನ್ನೂ ಕಳಿಸುತ್ತೀರಿ. ಎರಡು ವರ್ಷದ ಹಿಂದೆ ಜಿಐಎಸ್, ಅಂದರೆ ಜಾಗದ ಜೊತೆ ಮಾಹಿತಿಯನ್ನೂ ಸೇರಿಸಿಡುವ ಕಂಪ್ಯೂಟರ್ ನಕ್ಷೆ, ಬಂತು. ಒಂದು ಒಳ್ಳೆಯ ಕಂಪ್ಯೂಟರ್, ತರಬೇತಿ ಪಡೆದ ಒಬ್ಬ ಹುಡುಗ, ಗೋಡೆಯ ಮೇಲೆ ಒಂದು ದೊಡ್ಡ ನಕ್ಷೆ. ಈಗ ಆಡಳಿತ ಮಂಡಳಿಯವರು "ಇದರಿಂದ ಸಂಘಕ್ಕೆ ಏನು ಬಂತು?" ಅಂತ ಕೇಳುತ್ತಿದ್ದಾರೆ. ಕಾರ್ಯದರ್ಶಿಯಾಗಿ ಉತ್ತರ ಹೇಳಬೇಕಾದವರು ನೀವು.

ನಾನು ಸಾಗರದವನು. ಹನ್ನೊಂದು ವರ್ಷದಿಂದ ನಕ್ಷೆಯ ಕೆಲಸವನ್ನೇ ಮಾಡುತ್ತಿದ್ದೇನೆ. ನಿಮ್ಮ ಪರಿಸ್ಥಿತಿಯನ್ನು ಹತ್ತಿರದಿಂದ ನೋಡಿದ್ದೇನೆ.

ನಾನು ಮೊದಲು ಸೇರಿದ ಕಚೇರಿಯಲ್ಲಿ ನಲವತ್ತು ಪದರಗಳ, ಅಂದರೆ ನಲವತ್ತು ಬಗೆಯ ಮಾಹಿತಿಯ, ನಕ್ಷೆ ಮಾಡಿದೆವು. ರಸ್ತೆ, ಹೊಳೆ, ಶಾಲೆ, ಮಣ್ಣಿನ ಬಗೆ, ಅರಣ್ಯದ ಗಡಿ ಎಲ್ಲವೂ ಇತ್ತು. ತಪ್ಪಿರಲಿಲ್ಲ, ಚೆನ್ನಾಗಿಯೂ ಇತ್ತು. ಆದರೆ ಉದ್ಘಾಟನೆ ಆದಮೇಲೆ ಅದನ್ನು ತೆರೆದು ನೋಡಿದವರು ತೀರ ಕಡಿಮೆ. ಯಾಕೆ ಅಂದರೆ ಆ ನಕ್ಷೆ ಇಲ್ಲದಿದ್ದರೆ ನಿಂತುಹೋಗುವ ಕೆಲಸ ಆ ಕಚೇರಿಯಲ್ಲಿ ಒಂದೂ ಇರಲಿಲ್ಲ. ಒಂದು ವರ್ಷ ಕಳೆಯುವುದರೊಳಗೆ ಅದರ ಮಾಹಿತಿ ಹಳೆಯದಾಯಿತು.

ಆಮೇಲೆ ಒಂದು ಗ್ರಾಮ ಪಂಚಾಯಿತಿಯ ನೀರಿನ ಕೆಲಸಕ್ಕೆ ಹೋದೆ. ನಮ್ಮ ಕಡೆ ಊರು ಅಂದರೆ ಸಾಲುಮನೆ ಅಲ್ಲವಲ್ಲ. ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ಗದ್ದೆಯ ಆಚೆ. ನಾಲ್ಕು ಮನೆಗೆ ನೀರು ಕೊಡಲು ಪೈಪು ಒಂದು ಮೈಲಿ ಹೋಗಿರುತ್ತದೆ. ವಾಲ್ವುಗಳೆಲ್ಲ ದರಕಿನ, ಅಂದರೆ ಉದುರಿದ ಒಣ ಎಲೆಗಳ, ಅಡಿಯಲ್ಲಿ. ಅವು ಎಲ್ಲಿವೆ ಅಂತ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ, ಅಲ್ಲಿನ ಹಿರಿಯ ನೀರುಗಂಟಿಗೆ. ಅವರು ಕೆಲಸ ಬಿಡುವವರಿದ್ದರು. ಮೂರು ದಿನ ಅವರ ಹಿಂದೆ ಫೋನು ಹಿಡಿದು ನಡೆದೆ. "ಈ ಹಲಸಿನ ಮರದಿಂದ ಹತ್ತು ಹೆಜ್ಜೆ ಕೆಳಗೆ ಬಾ" ಅನ್ನುವರು. ಕಾಲಲ್ಲಿ ದರಕು ಸರಿಸಿದರೆ ವಾಲ್ವು ಅಲ್ಲೇ ಇರುತ್ತಿತ್ತು. ಅಲ್ಲೊಂದು ಚುಕ್ಕೆ ಇಟ್ಟು, ಒಂದು ಫೋಟೋ ತೆಗೆದು, ಅವರು ಹೇಳಿದ್ದನ್ನು ಹಾಗೇ ಬರೆದುಕೊಂಡೆ. ನಲವತ್ತು ಪದರ ಎಲ್ಲಿ, ಒಂದು ಪದರ ಎಲ್ಲಿ! ಆದರೆ ಹೊಸದಾಗಿ ಬಂದ ನೀರುಗಂಟಿ ಅದನ್ನು ದಿನಾ ನೋಡುತ್ತಿದ್ದ. ವಾಲ್ವು ಬದಲಿಸಿದಾಗ ತಾನೇ ತಿದ್ದುತ್ತಿದ್ದ. ತಿದ್ದದಿದ್ದರೆ ಮುಂದಿನ ಸಲ ನೆಲ ಅಗೆಯಬೇಕಾದವನು ಅವನೇ ತಾನೆ.

ನಿಮಗೆ ನಾನು ಹೇಳಬೇಕೆಂದಿರುವುದು ಇಷ್ಟೇ. ಮಾಹಿತಿ ತುಂಬುವವನಿಗೇ ಅದರ ಮೊದಲ ಉಪಯೋಗ ಸಿಗಬೇಕು. ಅವನ ನಾಳೆಯ ಕೆಲಸ ಹಗುರವಾದರೆ ನಕ್ಷೆ ಉಳಿಯುತ್ತದೆ. ಮೇಲಿನವರಿಗೆ ವರದಿ ಕೊಡಲಿಕ್ಕೆ ಮಾತ್ರ ತುಂಬಿಸಿದರೆ ಉಳಿಯುವುದಿಲ್ಲ.

ಹಾಗಾಗಿ ಮೊದಲು ಒಂದು ವಾರ ಸುಮ್ನೆ ಗಮನಿಸಿ. ಸಂಘದಲ್ಲಿ ಯಾರು, ಯಾವ ಕೆಲಸಕ್ಕೆ, ಮತ್ತೆ ಮತ್ತೆ "ಎಲ್ಲಿ?" ಅಂತ ಕೇಳುತ್ತಾರೆ?

"ಎಲ್ಲಿ" ಅನ್ನುವ ಮಾತಿನ ಬೆಲೆ ಮಲೆನಾಡಿನವರಿಗೆ ಗೊತ್ತು. ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಅದು. ಉಣುಗಿನಿಂದ ಹರಡುತ್ತದೆ. ಮಂಗ ಸತ್ತ ಜಾಗದ ಸುತ್ತ ಅದರ ಮೈಮೇಲಿನ ಉಣುಗು ಉದುರಿರುತ್ತದೆ. ಹಾಗಾಗಿ ಸತ್ತ ಮಂಗ ಎಲ್ಲಿ ಸಿಕ್ಕಿತು ಅನ್ನುವುದೇ ಮೊದಲು ಬೇಕಾದ ಸುದ್ದಿ. 2018-19ರಲ್ಲಿ ಅರಳಗೋಡಿನ ಕಡೆ ಜನ ಸತ್ತಾಗ ನಮ್ಮ ಸಾಗರ ತಾಲೂಕಿನಲ್ಲಿ ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ, "ಇವತ್ತು ಎಲ್ಲಿ?" ಅದಕ್ಕೆ ಊರಿನ ಹೆಸರು ಹೇಳಿದರೆ ಸಾಲದು. ಒಂದು ಊರಿನಲ್ಲೇ ಎರಡು ಗುಡ್ಡ, ಒಂದು ಹಳ್ಳ ಇರುತ್ತದೆ. ಯಾವ ಮನೆಯ ಹಿಂದೆ, ಯಾವ ಕಾಲುದಾರಿಯ ಪಕ್ಕ ಅಂತ ಗೊತ್ತಾಗಬೇಕು.

ನಿಮ್ಮ ಸಂಘದಲ್ಲಿ ಆ ಪ್ರಶ್ನೆ ಜಾಸ್ತಿ ಏಳುವುದು ಔಷಧಿ ಹೊಡೆಯುವ ಕಾಲದಲ್ಲಿ ಅಂತ ನನ್ನ ಅಂದಾಜು. ಮಳೆಗಾಲದಲ್ಲಿ ಅಡಿಕೆ ಕಾಯಿಗೆ ಬರುವ ಕೊಳೆ ರೋಗಕ್ಕೆ ಮಳೆ ಹಿಡಿಯುವ ಮುಂಚೆ ಒಂದು ಸಲ ಬೋರ್ಡೋ ದ್ರಾವಣ ಹೊಡೆಯಬೇಕು. ಆಮೇಲೆ 40-45 ದಿನಕ್ಕೆ ಇನ್ನೊಂದು ಸಲ. ಮಳೆ ಬಿಡದಿದ್ದರೆ ಮೂರನೆಯ ಸಲವೂ ಬೇಕಾಗುತ್ತದೆ. ಬೋರ್ಡೋ ಅಂದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅವತ್ತು ಕಲಸಿದ್ದನ್ನು ಅವತ್ತೇ ಮುಗಿಸಬೇಕು. ಜುಲೈನಲ್ಲಿ ಮಳೆ ಹೊಳವಾಗುವುದೇ ಒಂದೋ ಎರಡೋ ದಿನ. ಆ ದಿನ ತಂಡ ಒಂದು ಮೂಲೆಯ ತೋಟಕ್ಕೆ ಹೋಗಿ, ಮತ್ತೆ ಇನ್ನೊಂದು ಮೂಲೆಗೆ ಓಡಿದರೆ ಅರ್ಧ ದಿನ ಜೀಪಿನಲ್ಲೇ ಕಳೆಯುತ್ತದೆ. ಹಳ್ಳ ದಾಟುವ ಕಾಲುಸಂಕ ಮುಳುಗಿದೆ ಅಂತ ಹಳ್ಳದ ದಡದಲ್ಲಿ ನಿಂತಮೇಲೆ ಗೊತ್ತಾದರೆ ಆ ದಿನವೇ ಹೋಯಿತು.

ಇದಕ್ಕೆ ಬೇಕಾಗಿರುವುದು ಒಂದು ತೋಟಕ್ಕೆ ಒಂದು ಚುಕ್ಕೆ. ಆ ಚುಕ್ಕೆಯ ಜೊತೆ ಐದು ವಿಷಯ: ಸದಸ್ಯರ ನಂಬರು, ಮರದ ಲೆಕ್ಕ, ಜೀಪು ಎಲ್ಲಿಯವರೆಗೆ ಹೋಗುತ್ತದೆ, ಔಷಧಿ ಕಲಸಲು ನೀರು ಎಲ್ಲಿ ಸಿಗುತ್ತದೆ, ಕೊನೆಯ ಸಲ ಹೊಡೆದ ದಿನ. ಅಷ್ಟೇ ಸಾಕು. 35 ದಿನದೊಳಗೆ ಹೊಡೆದದ್ದು ಹಸಿರು, ಹತ್ತಿರ ಬಂದದ್ದು ಹಳದಿ, 45 ದಾಟಿದ್ದು ಕೆಂಪು. ಬೆಳಿಗ್ಗೆ ತಂಡದ ಮೇಸ್ತ್ರಿ ಫೋನು ತೆರೆದರೆ, ಹಳ್ಳದ ಈಚೆಗೆ ಅಕ್ಕಪಕ್ಕ ಇರುವ ಹಳದಿ, ಕೆಂಪು ಚುಕ್ಕೆಗಳು ಕಾಣಬೇಕು. ಮರದ ಲೆಕ್ಕ ಇರುವುದರಿಂದ ಎಷ್ಟು ಮೈಲುತುತ್ತ ಹೊರಬೇಕು ಅಂತಲೂ ತಿಳಿಯುತ್ತದೆ. ಸಂಜೆ ದಿನಾಂಕ ತುಂಬುವವನೂ ಅದೇ ಮೇಸ್ತ್ರಿ. ನಾಳೆ ಎಲ್ಲಿಗೆ ಹೋಗಬೇಕು ಅನ್ನುವುದು ಅದರಿಂದಲೇ ಗೊತ್ತಾಗುವುದರಿಂದ ಅವನು ಮರೆಯುವುದಿಲ್ಲ.

ತೋಟದ ಗಡಿ ಅಳೆಯಲು ಹೋಗಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ನಿಮ್ಮ ಹುಡುಗನಿಗೆ ತರಬೇತಿಯಲ್ಲಿ ಗಡಿ ಎಳೆಯುವುದನ್ನೇ ಕಲಿಸಿರುತ್ತಾರೆ. ಆದರೆ ನಮ್ಮ ಕಡೆ ಪಹಣಿಗೂ ನೆಲಕ್ಕೂ ಎಷ್ಟೋ ಕಡೆ ತಾಳೆ ಇಲ್ಲ. ಒಂದೇ ತೋಟ ಮೂರು ಸರ್ವೆ ನಂಬರಿನಲ್ಲಿ ಹರಡಿರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲಾಗಿರುತ್ತಾರೆ, ಪೋಡಿ, ಅಂದರೆ ದಾಖಲೆಯಲ್ಲಿ ಭಾಗ, ಆಗಿರುವುದಿಲ್ಲ. ಪಕ್ಕದಲ್ಲಿ ಸ್ವಲ್ಪ ಬಗರ್‌ಹುಕುಂ ಇರುತ್ತದೆ. ಫೋನು ಹಿಡಿದು ಬೇಲಿಯ ಸುತ್ತ ನಡೆದರೆ ತೋಟದವರು "ಯಾಕೆ ಅಳೀತಿದೀರಿ?" ಅಂತ ಕೇಳುತ್ತಾರೆ. ಆ ಹೆದರಿಕೆಗೆ ಕಾರಣ ಇದೆ. ಒಮ್ಮೆ ನಂಬಿಕೆ ಹೋದರೆ ಮುಂದಿನ ವರ್ಷ ತೋಟದೊಳಗೆ ಬಿಡುವುದಿಲ್ಲ. ಅಂಗಳದಲ್ಲಿ ನಿಂತು, ಅವರನ್ನು ಕೇಳಿಯೇ, ಒಂದು ಚುಕ್ಕೆ ತೆಗೆದುಕೊಳ್ಳಿ. ಮರದ ಲೆಕ್ಕ ಅವರಿಗೆ ಬಾಯಲ್ಲೇ ಇರುತ್ತದೆ. ಔಷಧಿಯ ಲೆಕ್ಕ ಮರದ ಮೇಲೆ ತಾನೆ, ಗುಂಟೆಯ ಮೇಲಲ್ಲವಲ್ಲ.

ಇದೇ ಕಾರಣಕ್ಕೆ ಸರ್ವೆ ನಂಬರನ್ನು ಮುಖ್ಯ ಗುರುತು ಮಾಡಿಕೊಳ್ಳಬೇಡಿ. ಸದಸ್ಯರ ನಂಬರಿಗೆ ತೋಟದ ನಂಬರು ಸೇರಿಸಿ: 412-1, 412-2 ಹೀಗೆ. ಸರ್ವೆ ನಂಬರು ತಿಳಿಯಬೇಕಾದರೆ ಸರ್ಕಾರದ ದಿಶಾಂಕ್ ಆಪ್ ಇದೆ. ನಿಂತ ಜಾಗದ ನಂಬರು ತೋರಿಸುತ್ತದೆ. ಆದರೆ ಅದನ್ನು ಹಿಡಿದು ಯಾರ ಗಡಿಯನ್ನೂ ತೀರ್ಮಾನ ಮಾಡಬಾರದು. ಅದು ಸರ್ವೇಯರ ಕೆಲಸ.

ಇನ್ನು ಫೋನಿನ ವಿಷಯ. ಬಯಲಿನಲ್ಲಿ ಫೋನಿನ ಜಿಪಿಎಸ್ ಸುಮಾರು ಐದು ಮೀಟರಿನೊಳಗೆ ಸರಿ ಹೇಳುತ್ತದೆ. ಅಡಿಕೆ ಮರದ ಕೆಳಗೆ, ಎರಡು ಗುಡ್ಡದ ನಡುವಿನ ಕಣಿವೆಯಲ್ಲಿ ಅದು ಇನ್ನೂ ಜಾಸ್ತಿ ತಪ್ಪುತ್ತದೆ. ಅದಕ್ಕೇ ಅಂಗಳ ಅಂದದ್ದು. ಅಲ್ಲೂ ಒಂದು ನಿಮಿಷ ನಿಂತು ಆಮೇಲೆ ಗುರುತು ಒತ್ತಲಿ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ, ಚಿಂತೆ ಬೇಡ. ಕ್ಯೂಫೀಲ್ಡ್ ಅನ್ನುವ ಆಪ್‌ನಲ್ಲಿ ನಕ್ಷೆ ಫೋನಿನೊಳಗೇ ಇರುತ್ತದೆ. ಆಫೀಸಿಗೆ ಬಂದಮೇಲೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಸಾಫ್ಟ್‌ವೇರ್ ಆದ ಕ್ಯೂಜಿಐಎಸ್‌ಗೆ ಸೇರಿಸಬಹುದು. ಎರಡೂ ಉಚಿತ. ಈಗಿನ ಜಿಐಎಸ್ ಸಾಫ್ಟ್‌ವೇರಿಗೆ ವರ್ಷವರ್ಷ ಕಟ್ಟುತ್ತೇವೆ ಅಂತ ನೀವು ಹೇಳಿದ ಲೈಸೆನ್ಸಿನ ದುಡ್ಡನ್ನು ಈ ವರ್ಷ ಮೇಸ್ತ್ರಿಗೆ ಒಂದು ಗಟ್ಟಿ ಫೋನು ಕೊಡಿಸಲು, ಮಳೆಗೆ ಒದ್ದೆಯಾಗದ ಚೀಲ ಕೊಡಿಸಲು ಬಳಸಿ ಅಂತ ನಾನು ಹೇಳುತ್ತೇನೆ.

ಚುಕ್ಕೆಯ ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಕೈಯಲ್ಲಿ ಟೈಪ್ ಮಾಡಿಸಬೇಡಿ. ನಿಮ್ಮ ಕಡೆ ಅಕ್ಷಾಂಶ 13ರಿಂದ ಶುರುವಾಗುತ್ತದೆ, ರೇಖಾಂಶ 75ರಿಂದ. ದಶಮಾಂಶ ಚುಕ್ಕಿಯ ನಂತರ ಐದು ಅಂಕಿ ಇದ್ದರೆ ಒಂದು ಮೀಟರಿನಷ್ಟು ನಿಖರ. ಎಕ್ಸೆಲ್‌ನಲ್ಲಿ ಯಾರೋ ಅದನ್ನು ಎರಡು ಅಂಕಿಗೆ ಇಳಿಸಿದರೆ ತೋಟ ಅರ್ಧ ಕಿಲೋಮೀಟರ್ ಆಚೆ ಹೋಗಿ ಕೂರಬಹುದು, ಅಂದರೆ ಹೊಳೆಯ ಇನ್ನೊಂದು ದಡಕ್ಕೆ.

ಹೆಸರುಗಳದ್ದೂ ಒಂದು ಕಿರಿಕಿರಿ ಇದೆ. ಸಂಘದ ಹಳೆಯ ಪಟ್ಟಿ ಬಹುಶಃ ಹಳೆಯ ನುಡಿ ಫಾಂಟಿನಲ್ಲಿರುತ್ತದೆ. ಅದನ್ನು ಹಾಗೇ ನಕ್ಷೆಗೆ ಹಾಕಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಮೊದಲು ಎಲ್ಲ ಕಂಪ್ಯೂಟರೂ ಓದುವ ಯೂನಿಕೋಡಿಗೆ ಬದಲಿಸಿಕೊಳ್ಳಿ. ಹೊಸೂರು, ಹೊಸಹಳ್ಳಿ ಅನ್ನುವ ಊರುಗಳು ಎಷ್ಟಿವೆ ನಿಮಗೇ ಗೊತ್ತು. ಊರಿನ ಹೆಸರಿನ ಜೊತೆ ಸರ್ಕಾರದ ಗ್ರಾಮ ಕೋಡ್ ಬರೆದಿಟ್ಟರೆ ಗೊಂದಲ ಇರುವುದಿಲ್ಲ.

ಉಪಗ್ರಹದ ಚಿತ್ರದಿಂದ ರೋಗ ಕಂಡುಹಿಡಿಯಬಹುದಾ ಅಂತ ಕೇಳಿದ್ದೀರಿ. ಈಗಲೇ ಅದರ ಹಿಂದೆ ಹೋಗಬೇಡಿ ಅನ್ನುತ್ತೇನೆ. ಉಚಿತವಾಗಿ ಸಿಗುವ ಸೆಂಟಿನೆಲ್-2 ಚಿತ್ರದಲ್ಲಿ ಒಂದು ಚೌಕ ಅಂದರೆ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಸರಿಸುಮಾರು ಒಂದು ಗುಂಟೆ. ಒಂದೆಕರೆ ತೋಟಕ್ಕೆ ನಲವತ್ತು ಚೌಕ ಸಿಗುತ್ತವೆ. ಐದು ದಿನಕ್ಕೊಮ್ಮೆ ಚಿತ್ರ ಬರುತ್ತದೆ, ನಿಜ. ಆದರೆ ಕೊಳೆ ಬರುವುದು ಮೋಡದ ಕಾಲದಲ್ಲಿ. ಆಗ ಚಿತ್ರದಲ್ಲಿ ಕಾಣುವುದು ಬರೀ ಬಿಳಿ. ಅದೂ ಅಲ್ಲದೆ ಕೊಳೆ ಬೀಳುವುದು ಕಾಯಿಗೆ. ಮೇಲಿನಿಂದ ಕಾಣುವುದು ಹೆಡಲು, ಅಂದರೆ ಸೋಗೆ, ಮಾತ್ರ. ಎಲೆಚುಕ್ಕೆ ರೋಗಕ್ಕೆ ಮಳೆ ಮುಗಿದ ಮೇಲಿನ ಚಿತ್ರ ಮುಂದೆ ಉಪಯೋಗಕ್ಕೆ ಬರಬಹುದು. ಅದಕ್ಕೂ ಯಾವ ತೋಟದಲ್ಲಿ ರೋಗ ನಿಜವಾಗಿ ಇತ್ತು ಅನ್ನುವ ನಿಮ್ಮ ಚುಕ್ಕೆಗಳೇ ಮೊದಲು ಬೇಕು. ಮೇಸ್ತ್ರಿ ದಿನಾಂಕ ತುಂಬುವಾಗ "ಎಲೆಚುಕ್ಕೆ ಇದೆ, ಇಲ್ಲ" ಅಂತ ಒಂದು ಗುರುತು ಹಾಕಿದರೆ, ಎರಡು ಮೂರು ವರ್ಷಕ್ಕೆ ಅದು ಯಾವ ಕಣಿವೆಯಿಂದ ಯಾವ ಕಣಿವೆಗೆ ಹೋಗುತ್ತಿದೆ ಅಂತ ನಿಮಗೇ ಕಾಣುತ್ತದೆ. ಇದರ ಮೇಲೆ ನನಗೆ ತುಂಬ ಆಸೆ ಇದೆ. ಆ ರೋಗದಿಂದ ತೋಟ ಬಡವಾದದ್ದನ್ನು ನಮ್ಮ ನೆಂಟರಲ್ಲೇ ನೋಡಿದ್ದೇನೆ.

ಇನ್ನೊಂದು ಮಾತು. ನಕ್ಷೆ ಓಡಲು ಶುರುವಾದ ಕೂಡಲೇ ಯಾರಾದರೊಬ್ಬರು "ಸಾಲ ಬಾಕಿ ಇರುವವರನ್ನು ಇದರಲ್ಲೇ ತೋರಿಸಿ" ಅನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಸಾಲದ ಲೆಕ್ಕ ಲೆಡ್ಜರಿನಲ್ಲೇ ಇರಲಿ. ಔಷಧಿಗೆ ಅಂತ ಕೊಟ್ಟ ಮನೆಯ ಗುರುತು ವಸೂಲಿಗೆ ಹೋದರೆ ಅದು ಸದಸ್ಯರಿಗೆ ಮಾಡುವ ಮೋಸ.

ಮಂಡಳಿಗೆ ಏನು ಹೇಳಬೇಕು ಅಂದರೆ, ಲೆಕ್ಕ ಹೇಳಿ. ಕೆಲಸವಾಗದೆ ಜೀಪು ಎಷ್ಟು ಸಲ ವಾಪಸ್ ಬಂತು, 45 ದಿನ ದಾಟಿದ ತೋಟ ಎಷ್ಟು, ಯಾವ ಗೋದಾಮಿನಲ್ಲಿ ಮೈಲುತುತ್ತ ಕಡಿಮೆ ಬಿತ್ತು. ಇದಕ್ಕೆ ನಕ್ಷೆ ಬರುವ ಮುಂಚಿನ ಲೆಕ್ಕವೂ ಬೇಕು. ನೀರಿನ ಕೆಲಸದಲ್ಲಿ ನಾವು ಅದನ್ನು ಬರೆದಿಟ್ಟುಕೊಳ್ಳಲಿಲ್ಲ. ಒಂದು ಸೋರಿಕೆ ಹುಡುಕಲು ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತು ಅಂತ ಯಾರಿಗೂ ಸರಿಯಾಗಿ ಹೇಳಲು ಆಗಲಿಲ್ಲ. ಅನುದಾನ ಕೇಳುವಾಗ ಅದು ಬಹಳ ಕಾಡಿತು. ಕಳೆದ ವರ್ಷದ ಜೀಪಿನ ಡೈರಿ, ಔಷಧಿ ಕೊಟ್ಟ ಚೀಟಿಗಳು ನಿಮ್ಮಲ್ಲಿ ಇದ್ದೇ ಇರುತ್ತವೆ. ಅವನ್ನು ಇವತ್ತೇ ತೆಗೆದಿಡಿಸಿ.

ಆ ಹುಡುಗ ಬೆಂಗಳೂರಿಗೆ ಹೋಗಿಬಿಟ್ಟರೆ ಅನ್ನುವ ನಿಮ್ಮ ಭಯ ಸರಿಯಾದದ್ದೇ. ಅವನ ಜೊತೆ ಊರಿನಲ್ಲೇ ಉಳಿಯುವ ಇನ್ನೊಬ್ಬರನ್ನು ಕೂರಿಸಿ. ಗೊಬ್ಬರದ ಕೌಂಟರಿನಲ್ಲಿ ಇರುವವರಾದರೂ ಸರಿ. ಮಾಡುವ ಕೆಲಸವನ್ನೆಲ್ಲ ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆಸಿ. ತಿಂಗಳಿಗೊಮ್ಮೆ ನಕಲನ್ನು ಪೆನ್‌ಡ್ರೈವಿಗೆ ಹಾಕಿ ಸಂಘದ ತಿಜೋರಿಯಲ್ಲಿಡಿ.

ಮೊದಲ ವರ್ಷ ಸಾವಿರ ಸದಸ್ಯರನ್ನೂ ಮುಟ್ಟಬೇಡಿ. ಒಂದೇ ಹಳ್ಳದ ಅಕ್ಕಪಕ್ಕದ ಅರವತ್ತು ಎಪ್ಪತ್ತು ತೋಟ ಸಾಕು. ಏಪ್ರಿಲ್‌ನಲ್ಲಿ ಚುಕ್ಕೆ ಇಟ್ಟರೆ ಮೇ ಕೊನೆಯ ಸಿಂಪರಣೆಗೆ ಸಿದ್ಧವಾಗಿರುತ್ತದೆ. ಮೇಸ್ತ್ರಿಯನ್ನು ಮೊದಲ ದಿನದಿಂದಲೇ ಜೊತೆಗೆ ಕರೆದುಕೊಳ್ಳಿ. ಯಾವ ಸಂಕ ಯಾವಾಗ ಮುಳುಗುತ್ತದೆ ಅಂತ ಗೊತ್ತಿರುವುದು ಅವನಿಗೆ.